ಮೂಗಿಗೆ ಕೆಲಸ ಕೊಡದ ಆಟಿಕೆಗಳು

2019ರ ಜನವರಿ 30ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಉಷ್ಣಾಂಶ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದಿತ್ತು. ಅಷ್ಟು ಚಳಿ ಅಲ್ಲಿಯೂ ಅಪರೂಪವೇ. ಆದರೆ ನೀರು ಹೆಪ್ಪುಗಟ್ಟುವ ಹಗಲು, ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಮುಳುಗುವ ಸೂರ್ಯ, ಮಂಜು ಕರಗಿಸಲು ಕಾಲುದಾರಿಗೆ ಎರಚಿದ ಉಪ್ಪು ಅಲ್ಲಿ ಪ್ರತಿ ವರ್ಷದ್ದು. ಆ ಉಪ್ಪು ನಾಯಿಯ ಅಂಗಾಲಿನ ಬಿರುಕಿಗೆ ಹೊಕ್ಕರೆ ಉರಿ, ಕಾಲು ನೆಕ್ಕಿದರೆ ಹೊಟ್ಟೆ ಕೆಡುತ್ತದೆ. ಕಾರಿನಿಂದ ಸೋರಿದ ಆಂಟಿಫ್ರೀಜ್ ದ್ರವ ಸಿಹಿ ಇರುವುದರಿಂದ ನಾಯಿ ಆಸೆಯಿಂದ ನೆಕ್ಕುತ್ತದೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೈಕೊಡುತ್ತದೆ. ಹೀಗಾಗಿ ದಿನಕ್ಕೆ ಎರಡು ಸಲ ಬೀದಿ ಸುತ್ತಿ ಬರುತ್ತಿದ್ದ ಪ್ರಾಣಿ ಒಳಗೇ ಉಳಿಯುತ್ತದೆ, ಸೋಫಾದ ಮೂಲೆ ಕಚ್ಚುತ್ತದೆ, ಕಿಟಕಿಯಾಚೆ ಅಳಿಲು ಕಂಡರೆ ಗಂಟಲು ಹರಿಯುವಂತೆ ಬೊಗಳುತ್ತದೆ. ಈ ಸಂಕಟವನ್ನು ನಂಬಿಕೊಂಡು ದೊಡ್ಡದೊಂದು ವ್ಯಾಪಾರವೇ ಬೆಳೆದಿದೆ. ಒಗಟಿನ ತಟ್ಟೆ, ರಬ್ಬರ್ ಆಟಿಕೆ, ಟ್ರೆಡ್‌ಮಿಲ್, ಲೇಸರ್ ದೀಪ, ಕೊನೆಗೆ ನಾಯಿಗಳಿಗಾಗಿಯೇ ಒಂದು ಟಿವಿ ಚಾನೆಲ್. ಇವುಗಳಲ್ಲಿ ಯಾವುದು ನಾಯಿಗಾಗಿ ಹುಟ್ಟಿದ್ದು, ಯಾವುದು ಸಾಕಿದವರ ನೆಮ್ಮದಿಗಾಗಿ ಹುಟ್ಟಿದ್ದು ಎಂದು ಬೇರ್ಪಡಿಸಿ ನೋಡುವವರು ಕಡಿಮೆ.

ಚಳಿ ಎಲ್ಲ ನಾಯಿಗೂ ಒಂದೇ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಮಿನಿಯಾಪೊಲಿಸ್ ಇರುವ ಅದೇ ಮಿನೆಸೊಟ ರಾಜ್ಯದಲ್ಲಿ, ಸುಪೀರಿಯರ್ ಸರೋವರದ ಉತ್ತರ ದಂಡೆಗುಂಟ, ಜಾನ್ ಬೇರ್‌ಗ್ರೀಸ್ ಹೆಸರಿನಲ್ಲಿ ನಾಯಿ ಜಾರುಬಂಡಿಗಳ ಓಟ ನಡೆಯುತ್ತದೆ. ಬೇರ್‌ಗ್ರೀಸ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದೇ ದಂಡೆಯ ಊರುಗಳಿಗೆ ನಾಯಿಬಂಡಿಯಲ್ಲಿ ಅಂಚೆ ಮುಟ್ಟಿಸುತ್ತಿದ್ದ ಒಜಿಬ್ವೆ ಬುಡಕಟ್ಟಿನವನು. ಈ ಓಟಕ್ಕೆ ಬರುವ ನಾಯಿಗಳಿಗೆ ಚಳಿಗಾಲವೇ ಸುಗ್ಗಿ. 2024ರಲ್ಲಿ ಹಿಮ ಸಾಲದೆ ಓಟವೇ ರದ್ದಾಯಿತು. ಅಂಥ ತಳಿಯ ನಾಯಿಯನ್ನು ಚಳಿಯ ನೆಪ ಹೇಳಿ ಒಳಗೆ ಕೂಡಿಹಾಕುವವರು ತಮ್ಮ ಚಳಿಯನ್ನು ನಾಯಿಯ ಮೇಲೆ ಹೇರುತ್ತಿದ್ದಾರೆ ಅಷ್ಟೇ. ಚಿವಾವಾ, ಗ್ರೇಹೌಂಡ್, ನಮ್ಮ ಮುಧೋಳದಂಥ ಗಿಡ್ಡಗೂದಲಿನ, ಮೈಯಲ್ಲಿ ಕೊಬ್ಬಿಲ್ಲದ ನಾಯಿಗಳ ಮಾತು ಬೇರೆ. ಮರಿ, ಮುದಿ ನಾಯಿ, ಕೀಲುನೋವಿನ ನಾಯಿಗಳದ್ದೂ ಬೇರೆ. ಒಳಾಂಗಣದ ಆಟಗಳು ನಿಜವಾಗಿ ಬೇಕಾಗುವುದು ಇವುಗಳಿಗೆ.

ಈ ಆಟಗಳ ಮೂಲ ಮನೆಯಲ್ಲಿಲ್ಲ, ಮೃಗಾಲಯದ ಪಂಜರದಲ್ಲಿದೆ. 1970ರ ದಶಕದಲ್ಲಿ ಹ್ಯಾಲ್ ಮಾರ್ಕೊವಿಟ್ಜ್ ಎಂಬ ವಿಜ್ಞಾನಿ ಪೋರ್ಟ್‌ಲ್ಯಾಂಡ್ ಮೃಗಾಲಯದ ಗಿಬ್ಬನ್‌ಗಳಿಗೆ ಒಂದು ಏರ್ಪಾಡು ಮಾಡಿದ. ಸುಮ್ಮನೆ ಕೂತರೆ ಊಟವಿಲ್ಲ. ಒಂದು ಕಡೆಯ ಸನ್ನೆಕೋಲು ಎಳೆದು, ತೂಗಾಡಿಕೊಂಡು ಇನ್ನೊಂದು ಕಡೆಗೆ ಹೋದರೆ ಮಾತ್ರ ತಿನಿಸು. ಜಡವಾಗಿ ಕೂರುತ್ತಿದ್ದ ಪ್ರಾಣಿಗಳು ಓಡಾಡತೊಡಗಿದವು. ಊಟವನ್ನು ದುಡಿದು ತಿನ್ನುವ ಅವಕಾಶ ಕೊಟ್ಟರೆ ಪಂಜರದ ಬೇಸರ ತಗ್ಗುತ್ತದೆ ಎಂಬ ಈ ತಿಳಿವಳಿಕೆಯೇ ಮುಂದೆ ನಾಯಿ ಸಾಕುವವರ ಅಡುಗೆಮನೆಗೂ ಬಂತು. ಬರುವಾಗ ಅದು ಒಂದು ಪ್ರಶ್ನೆಯನ್ನೂ ಹೊತ್ತು ತಂದಿತು: ಜನವರಿ ತಿಂಗಳಲ್ಲಿ ನಮ್ಮ ಮನೆಯೂ ಒಂದು ಪಂಜರವೇ ತಾನೆ? ಆಟಿಕೆಯ ಡಬ್ಬಿಯ ಮೇಲೆ ಈ ಪ್ರಶ್ನೆಯನ್ನು ಯಾರೂ ಅಚ್ಚುಹಾಕುವುದಿಲ್ಲ.

ಈ ಸಾಮಾನುಗಳಲ್ಲಿ ಗೌರವಕ್ಕೆ ಅರ್ಹವಾದದ್ದು ಕಾಂಗ್ ಎಂಬ ರಬ್ಬರ್ ಆಟಿಕೆ. ಕೊಲರಾಡೊದ ಜೋ ಮಾರ್ಕಮ್ ಎಂಬಾತನ ಜರ್ಮನ್ ಶೆಫರ್ಡ್ ನಾಯಿ ಫ್ರಿಟ್ಜ್ ಕಲ್ಲು ಕಚ್ಚಿ ಹಲ್ಲು ಸವೆಸಿಕೊಳ್ಳುತ್ತಿತ್ತು. ಫೋಕ್ಸ್‌ವ್ಯಾಗನ್ ವ್ಯಾನು ರಿಪೇರಿ ಮಾಡುವಾಗ ಬಿದ್ದ ಒಂದು ರಬ್ಬರ್ ಬಿಡಿಭಾಗಕ್ಕೆ ಅದು ಮನಸೋತಿತು. ಆ ಆಕಾರವೇ 1976ರಲ್ಲಿ ಆಟಿಕೆಯಾಯಿತು. ಒಳಗೆ ಟೊಳ್ಳು, ಹೊರಗೆ ಗಟ್ಟಿ. ಟೊಳ್ಳಿಗೆ ತಿನಿಸು ತುಂಬಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ನಾಯಿ ಬಹಳ ಹೊತ್ತು ನೆಕ್ಕುತ್ತ, ಕಚ್ಚುತ್ತ, ಉರುಳಿಸುತ್ತ ಕೂರುತ್ತದೆ. ಕಚ್ಚುವುದು ನಾಯಿಯ ಸ್ವಭಾವ. ಅದನ್ನು ತಡೆಯದೆ ಅದಕ್ಕೊಂದು ಜಾಗ ತೋರಿಸಿಕೊಟ್ಟದ್ದು ಈ ಆಟಿಕೆಯ ಜಾಣತನ. ದೋಷ ಆಟಿಕೆಯಲ್ಲಿಲ್ಲ, ತುಂಬುವವರಲ್ಲಿದೆ. ಕೆಲವು ಕಡಲೆಕಾಯಿ ಬೆಣ್ಣೆಗಳಲ್ಲಿ ಸಕ್ಕರೆಯ ಬದಲು ಕ್ಸೈಲಿಟಾಲ್ ಇರುತ್ತದೆ, ಅದು ನಾಯಿಗೆ ವಿಷ. ಅಮೆರಿಕದ ಕನ್ನಡದ ಮನೆಗಳಲ್ಲಿ ಮೊಸರನ್ನ ತುಂಬುವ ಯೋಚನೆ ಬಂದರೆ ಅದೇನೂ ಕೆಟ್ಟದ್ದಲ್ಲ. ಆದರೆ ಒಗ್ಗರಣೆ, ಈರುಳ್ಳಿ, ಮುಖ್ಯವಾಗಿ ದ್ರಾಕ್ಷಿ ಅದರಲ್ಲಿ ಇರಕೂಡದು. ನಮಗೆ ಮೊಸರನ್ನದ ಶೋಭೆಯಾದ ದ್ರಾಕ್ಷಿ, ಹಸಿಯದಾಗಲಿ ಒಣಗಿದ್ದಾಗಲಿ, ನಾಯಿಯ ಮೂತ್ರಪಿಂಡಕ್ಕೆ ಮಾರಕವಾಗಬಹುದು. ತುಂಬಿದ್ದನ್ನು ದಿನದ ಊಟದ ಲೆಕ್ಕದಿಂದ ಕಳೆಯದಿದ್ದರೆ ಮಾರ್ಚಿನ ಹೊತ್ತಿಗೆ ನಾಯಿ ಡೊಳ್ಳುಹೊಟ್ಟೆಯಾಗುತ್ತದೆ.

ಒಗಟಿನ ತಟ್ಟೆಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಸ್ವೀಡನ್ನಿನ ನೀನಾ ಒಟೊಸನ್ 1990ರ ದಶಕದ ಆರಂಭದಿಂದ ಇವನ್ನು ರೂಪಿಸುತ್ತ ಬಂದವರು. ಮೊದಲು ಮರದಲ್ಲಿ, ಆಮೇಲೆ ಪ್ಲಾಸ್ಟಿಕ್ಕಿನಲ್ಲಿ. ಮುಚ್ಚಳ ಸರಿಸಬೇಕು, ಖಾನೆ ಎಳೆಯಬೇಕು, ಅಡಿಯಲ್ಲಿ ತಿನಿಸು. ಕಲ್ಪನೆ ಚೆಲುವಾದದ್ದು, ಕೆಲಸವೂ ಅಚ್ಚುಕಟ್ಟು. ಆದರೆ ನಾಯಿ ಮೊದಲ ಬಾರಿ ಬಿಡಿಸುವಾಗ ಮಾತ್ರ ಅದು ಒಗಟು. ದಾರಿ ಗೊತ್ತಾದ ಮೇಲೆ ಅದೇ ಮುಚ್ಚಳ, ಅದೇ ಖಾನೆ. ನಿಮಿಷದೊಳಗೆ ತಟ್ಟೆ ಖಾಲಿ. ಆಗ ಮುಂದಿನ ಹಂತದ ತಟ್ಟೆ ಕೊಳ್ಳಬೇಕು. ಇನ್ನು ಕೆಲವು ನಾಯಿಗಳು ಒಗಟನ್ನು ಬಿಡಿಸುವ ಗೋಜಿಗೇ ಹೋಗದೆ ತಟ್ಟೆಯನ್ನು ಕವುಚಿ ಹಾಕಿ ತಿನ್ನುತ್ತವೆ. ಅದನ್ನು ಕಂಡು ಮನೆಯವರು ಬೇಸರಪಡುತ್ತಾರೆ. ನನಗಂತೂ ಅದೇ ಸರಿಯಾದ ಉತ್ತರ ಎನಿಸುತ್ತದೆ.

ಈ ಎಲ್ಲ ಸರಕನ್ನು ಬದಿಗಿಟ್ಟು ನಾಯಿಯ ಮುಖವನ್ನೇ ನೋಡಿದರೆ ಅದರಲ್ಲಿ ಮುಂದಕ್ಕೆ ಚಾಚಿಕೊಂಡಿರುವುದು ಮೂಗು. ಸೆಕೆಂಡಿಗೆ ಐದರ ಆಸುಪಾಸು ಸಲ ಮೂಸಬಲ್ಲ, ಹೊಳ್ಳೆಯ ಪಕ್ಕದ ಸೀಳಿನಿಂದ ಉಸಿರು ಬಿಟ್ಟು ಹೊಸ ವಾಸನೆಯನ್ನು ಒಳಗೆ ಸೆಳೆದುಕೊಳ್ಳಬಲ್ಲ ಅಂಗ ಅದು. ಬೀದಿಯ ಸುತ್ತಾಟದಲ್ಲಿ ನಾಯಿಗೆ ಸಿಗುತ್ತಿದ್ದದ್ದು ಕಾಲಿನ ವ್ಯಾಯಾಮ ಮಾತ್ರವಲ್ಲ. ಕಂಬದ ಬುಡದಲ್ಲಿ ಅದು ಊರಿನ ಸುದ್ದಿ ಓದಿಕೊಂಡು ಬರುತ್ತಿತ್ತು. ಚಳಿಗಾಲ ಮೊದಲು ಕಸಿಯುವುದು ಅದನ್ನು. ಹಾಗಿರುವಾಗ ಒಳಗಿನ ಆಟವೊಂದು ಏನನ್ನು ಮರಳಿ ಕೊಡಬೇಕು ಎಂಬುದು ಸ್ಪಷ್ಟ. ಆದರೂ ಅಂಗಡಿಯ ಅರ್ಧ ಸಾಮಾನು ಕಾಲಿಗೆ, ಕಾಲು ಭಾಗ ಕಣ್ಣಿಗೆ.

ಕ್ಯಾಲಿಫೋರ್ನಿಯಾದಲ್ಲಿ ಪತ್ತೆದಾರಿ ನಾಯಿಗಳನ್ನು ಪಳಗಿಸುತ್ತಿದ್ದ ಕೆಲವರು 2000ದ ದಶಕದಲ್ಲಿ ಸಾಮಾನ್ಯ ಸಾಕುನಾಯಿಗಳಿಗಾಗಿ ನೋಸ್ ವರ್ಕ್ ಎಂಬ ಆಟ ಶುರು ಮಾಡಿದರು. ಅದಕ್ಕೆ ಮೊದಲು ಬೇಕಾಗುವುದು ಹಳೆಯ ರಟ್ಟಿನ ಪೆಟ್ಟಿಗೆಗಳು. ಸಾಲಾಗಿ ಇಟ್ಟು ಒಂದರಲ್ಲಿ ತಿನಿಸು ಬಚ್ಚಿಟ್ಟು ನಾಯಿಯನ್ನು ಬಿಡುತ್ತಾರೆ. ಯಜಮಾನ ಬೆರಳು ತೋರಿಸುವಂತಿಲ್ಲ. ನಾಯಿ ಪಳಗಿದಂತೆ ತಿನಿಸಿನ ಜಾಗಕ್ಕೆ ಬರ್ಚ್, ಸೋಂಪು, ಲವಂಗದ ಎಣ್ಣೆಯ ವಾಸನೆ ಬರುತ್ತದೆ. ಅಮೆರಿಕನ್ ಕೆನಲ್ ಕ್ಲಬ್ ಕೂಡ 2017ರಿಂದ ಇಂಥ ಸ್ಪರ್ಧೆ ನಡೆಸುತ್ತಿದೆ. ಕುಂಟುವ ನಾಯಿ, ಕಣ್ಣು ಮಂಜಾದ ನಾಯಿ, ಬೇರೆ ನಾಯಿಯನ್ನು ಕಂಡರೆ ಸಿಡುಕುವ ನಾಯಿ, ಎಲ್ಲವೂ ಆಡಬಹುದಾದ ಆಟ ಇದು. ನಡುಮನೆಯಷ್ಟು ಜಾಗ ಸಾಕು.

ಇದರ ಪರವಾಗಿ ಒಂದು ಅಧ್ಯಯನವೂ ಇದೆ. ಷಾರ್ಲೊಟ್ ಡುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ 2019ರಲ್ಲಿ ಪ್ರಕಟಿಸಿದ್ದು. ಇಪ್ಪತ್ತು ಸಾಕುನಾಯಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಡು ವಾರ ಮೂಸಿ ಹುಡುಕುವ ಆಟ, ಇನ್ನೊಂದಕ್ಕೆ ಯಜಮಾನನ ಪಕ್ಕಕ್ಕೇ ಅಂಟಿಕೊಂಡು ನಡೆಯುವ ಅಭ್ಯಾಸ. ಈ ಜಾಗದ ಬಟ್ಟಲಿನಲ್ಲಿ ಊಟ ಇರುತ್ತದೆ, ಆ ಜಾಗದ್ದರಲ್ಲಿ ಇರುವುದಿಲ್ಲ ಎಂದು ಕಲಿಸಿ, ಬಟ್ಟಲನ್ನು ಎರಡರ ನಡುವೆ ಇಟ್ಟರೆ ನಾಯಿ ಎಷ್ಟು ಬೇಗ ಅತ್ತ ಹೋಗುತ್ತದೆ ಎಂದು ಅಳೆದರು. ಮೂಸುವ ಗುಂಪಿನವು ಮೊದಲಿಗಿಂತ ಬೇಗ ಹೋದವು, ಅಂದರೆ ಆಸೆ ಹೆಚ್ಚಿತ್ತು. ಇನ್ನೊಂದು ಗುಂಪಿನಲ್ಲಿ ಬದಲಾವಣೆ ಕಾಣಲಿಲ್ಲ. ಇಪ್ಪತ್ತು ನಾಯಿಗಳಿಂದ ಜಗತ್ತಿನ ನಾಯಿಗಳ ಮನಸ್ಸು ತಿಳಿಯುವುದಿಲ್ಲ, ನಿಜ. ಒಂದು ಗುಂಪಿಗೆ ತನ್ನಿಷ್ಟದಂತೆ ತಿರುಗುವ ಸ್ವಾತಂತ್ರ್ಯವಿತ್ತು, ಇನ್ನೊಂದಕ್ಕೆ ಇರಲಿಲ್ಲ. ಹಾಗಾಗಿ ಗೆದ್ದದ್ದು ಮೂಗೋ ಸ್ವಾತಂತ್ರ್ಯವೋ ಎಂದು ಕೇಳಬಹುದು. ನನ್ನ ಪ್ರಕಾರ ಎರಡೂ. ನಾಯಿ ತಾನೇ ತೀರ್ಮಾನಿಸುವ ಕೆಲಸಗಳು ಮನೆಯೊಳಗೆ ಎಷ್ಟು ಕಡಿಮೆ ಎಂದು ಎಣಿಸಿದರೆ ಇದು ಸಣ್ಣ ವಿಷಯವಲ್ಲ.

ಲೇಸರ್ ದೀಪದ ಆಟ ಇದಕ್ಕೆ ತೀರ ವಿರುದ್ಧ. ಗೋಡೆಯ ಮೇಲೆ ಓಡುವ ಕೆಂಪು ಚುಕ್ಕಿಯನ್ನು ನಾಯಿ ಅಟ್ಟಿಸಿಕೊಂಡು ಹೋಗುತ್ತದೆ, ಎಂದೂ ಹಿಡಿಯುವುದಿಲ್ಲ. ಬೇಟೆಯ ಪ್ರವೃತ್ತಿಯನ್ನು ಕೆರಳಿಸಿ ಅದರ ಕೊನೆಯನ್ನು ಕಿತ್ತುಕೊಳ್ಳುವ ಆಟ ಇದು. ಕೆಲವು ನಾಯಿಗಳು ಆಮೇಲೆ ನೆರಳನ್ನೂ ಗಡಿಯಾರದ ಗಾಜಿನ ಮಿಣುಕನ್ನೂ ಗಂಟೆಗಟ್ಟಲೆ ದಿಟ್ಟಿಸುವ ಗೀಳಿಗೆ ಬೀಳುತ್ತವೆ ಎಂದು ಪಶುವೈದ್ಯರು ಎಚ್ಚರಿಸುತ್ತಲೇ ಇದ್ದಾರೆ. ಕಾಲು ಚಾಚಿ ಕೂತಲ್ಲಿಂದಲೇ ನಾಯಿಯನ್ನು ಸುಸ್ತು ಮಾಡಬಹುದು ಎಂಬುದೊಂದೇ ಇದರ ಆಕರ್ಷಣೆ. ಇದನ್ನು ಯಾರಿಗೂ ಶಿಫಾರಸು ಮಾಡಲಾರೆ. ನುಣುಪು ನೆಲದ ಓಣಿಯಲ್ಲಿ ಚೆಂಡೆಸೆಯುವುದೂ ಅಷ್ಟೇ ಅವಿವೇಕ. ಜಾರಿ ಮಂಡಿ ತಿರುಚಿಕೊಂಡರೆ ಚಳಿಗಾಲವಿಡೀ ಆಸ್ಪತ್ರೆ. ಟ್ರೆಡ್‌ಮಿಲ್ ನಿಧಾನವಾಗಿ ಕಲಿಸಿದರೆ, ಪಕ್ಕದಲ್ಲಿ ಮನುಷ್ಯ ನಿಂತಿದ್ದರೆ, ಕೊರಳಿನ ಹಗ್ಗವನ್ನು ಯಂತ್ರಕ್ಕೆ ಕಟ್ಟದಿದ್ದರೆ ಕಾಲಿನ ಮಟ್ಟಿಗೆ ಆದೀತು. 2012ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಶುರುವಾದ ನಾಯಿಗಳ ಟಿವಿ ಚಾನೆಲ್ ನೀಲಿ ಹಳದಿಯ ಜಗತ್ತು ಕಾಣುವ ನಾಯಿಗಣ್ಣಿಗೆ ಬಣ್ಣ ಹೊಂದಿಸಿಕೊಟ್ಟಿದೆ. ವಾಸನೆಯನ್ನು ಮಾತ್ರ ಅದು ಕೊಡಲಾರದು.

ದಣಿದ ನಾಯಿಯೇ ಒಳ್ಳೆಯ ನಾಯಿ ಎಂದು ಅಮೆರಿಕದಲ್ಲಿ ಒಂದು ಮಾತಿದೆ. ಇಡೀ ವ್ಯಾಪಾರ ನಿಂತಿರುವುದು ಆ ಮಾತಿನ ಮೇಲೆ. ದಣಿವು ಯಜಮಾನನಿಗೆ ಬೇಕಾದ ಫಲ, ನಾಯಿಗೆ ಬೇಕಾದದ್ದು ಮಾಡಲೊಂದು ಕೆಲಸ. ಎರಡನ್ನೂ ಒಂದೇ ಎಂದುಕೊಂಡಾಗ ಲೇಸರ್ ಕೂಡ ಒಳ್ಳೆಯ ಆಟಿಕೆಯಂತೆ ಕಾಣುತ್ತದೆ. ಮಿನೆಸೊಟದಷ್ಟೇ ಚಳಿಯಿರುವ ಉತ್ತರದ ಸೀಮೆಗಳುಳ್ಳ ಸ್ವೀಡನ್ನಿನಲ್ಲಿ ಹಗಲು ಹೊತ್ತು ಕನಿಷ್ಠ ಆರು ಗಂಟೆಗೊಮ್ಮೆ ನಾಯಿಯನ್ನು ಹೊರಗೆ ಬಿಡಬೇಕೆಂದು ನಿಯಮವೇ ಇದೆ. ಒಳಗಿನ ಆಟ ಎಷ್ಟೇ ಒಳ್ಳೆಯದಿರಲಿ, ಹೊರಗಿನ ಹತ್ತು ನಿಮಿಷಕ್ಕೆ ಅದು ಬದಲಿಯಲ್ಲ. ಆ ಹತ್ತು ನಿಮಿಷದಲ್ಲೂ ಹಗ್ಗ ಜಗ್ಗಿ ಅವಸರಪಡಿಸದೆ ಮೂಸಲು ಬಿಡಬೇಕು, ಮನೆಗೆ ಬಂದು ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ತೊಳೆಯಬೇಕು.

ನಮ್ಮ ಮಲೆನಾಡಿನಲ್ಲಿ, ಕೊಡಗಿನಲ್ಲಿ ಜುಲೈ ತಿಂಗಳ ಮಳೆ ಹಿಡಿದಾಗ ಜಗಲಿಯ ನಾಯಿಗೂ ಇದೇ ಪಾಡು. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಸಾಕಿದ ಹಸ್ಕಿಗಳಿಗೆ ಏಪ್ರಿಲ್ ಬಿಸಿಲು ಅದೇ ಕೆಲಸ ಮಾಡುತ್ತದೆ. ಪಾರ್ಸೆಲ್ ತಂದುಕೊಡುವ ರಟ್ಟಿನ ಪೆಟ್ಟಿಗೆಗಳಿಗಂತೂ ಈಗ ಎಲ್ಲೂ ಬರವಿಲ್ಲ. ಸಾವಿರಾರು ರೂಪಾಯಿಯ ಒಗಟಿನ ತಟ್ಟೆ ತರಿಸುವ ಮೊದಲು, ಅದು ಬರುವಂಥದೇ ಒಂದು ಖಾಲಿ ಪೆಟ್ಟಿಗೆಯ ಟೇಪು, ಪಿನ್ನು ಕಿತ್ತು, ಒಳಗೆ ಹಳೆಯ ಟವೆಲಿನಲ್ಲಿ ನಾಲ್ಕು ಕಾಳು ತಿನಿಸು ಸುತ್ತಿಟ್ಟು ನಾಯಿಯ ಮುಂದಿಡಿ. ರಟ್ಟು ನುಂಗದಂತೆ ನೋಡಿಕೊಳ್ಳಲು ಹತ್ತಿರದಲ್ಲೇ ಕೂತಿರಿ.