ನಾಲ್ಕು-ಆರರ ಕತ್ತರಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ನಾಲ್ಕು ಹೆಜ್ಜೆಗೊಂದು ಫೋಟೊ ಸ್ಟುಡಿಯೊ ಸಿಗುತ್ತದೆ. ಪಾಸ್‌ಪೋರ್ಟ್ ಸೈಜಿನ ವಿಷಯದಲ್ಲಿ ಈ ಅಂಗಡಿಗಳ ಕೆಲಸಕ್ಕೆ ಹೆಸರಿಡುವಂತಿಲ್ಲ. 35×45 ಮಿಲಿಮೀಟರ್ ಎಂದರೆ ಅಷ್ಟೇ. ತಲೆಯ ಮೇಲೆ ಎಷ್ಟು ಜಾಗ, ಭುಜ ಎಲ್ಲಿಗೆ ನಿಲ್ಲಬೇಕು ಎಂಬುದೆಲ್ಲ ಲೆಕ್ಕಾಚಾರ. 4×6 ಇಂಚಿನ ಒಂದೇ ಹಾಳೆಯಲ್ಲಿ ಎಂಟು ಪ್ರತಿ ಸಾಲಾಗಿ ಕೂರುತ್ತವೆ. ಅಳತೆ ತಪ್ಪಿ ಅರ್ಜಿ ವಾಪಸಾದರೆ ಗಿರಾಕಿ ಮಾರನೆಯ ದಿನವೇ ಅಂಗಡಿ ಮುಂದೆ ನಿಂತಿರುತ್ತಾನೆ, ಅದಕ್ಕೇ ಈ ಎಚ್ಚರ. ಅದೇ ಕೈಗೆ ಮೊಬೈಲಿನಲ್ಲಿ ತೆಗೆದ ಮನೆಮಂದಿಯ ಫೋಟೊ ಕೊಟ್ಟು ನೋಡಿ. ಪ್ರಿಂಟು ಬಂದಾಗ ತುದಿಯಲ್ಲಿ ನಿಂತಿದ್ದ ಸೋದರಮಾವನ ಅರ್ಧ ಭುಜ ಇರುವುದಿಲ್ಲ, ಇಲ್ಲವೇ ಕೆಳಗೆ ಕೂತಿದ್ದ ಮಕ್ಕಳ ಪಾದ ಇರುವುದಿಲ್ಲ. ಕೇಳಿದರೆ ಸಿಗುವ ಉತ್ತರ ಎಲ್ಲ ಕಡೆ ಒಂದೇ: ‘ನಾಲ್ಕು-ಆರರಲ್ಲಿ ಅಷ್ಟೇ ಬರೋದು ಕಣಣ್ಣ.’

ಈ ಉತ್ತರ ಅರ್ಧ ಮಾತ್ರ ನಿಜ. ಮೊಬೈಲ್ ಕ್ಯಾಮೆರಾ ಸಹಜವಾಗಿ ತೆಗೆಯುವ ಫೋಟೊದ ಉದ್ದ-ಅಗಲ 4:3ರ ಅನುಪಾತದಲ್ಲಿರುತ್ತದೆ. 4×6 ಹಾಳೆಯದು 3:2. ಫೋಟೊದ ಉದ್ದವನ್ನು 6 ಇಂಚಿಗೆ ಹಿಗ್ಗಿಸಿದರೆ ಅಗಲಕ್ಕೆ ನಾಲ್ಕೂವರೆ ಇಂಚು ಬೇಕು, ಹಾಳೆಯಲ್ಲಿರುವುದು ನಾಲ್ಕೇ. ಉಳಿದ ಅರ್ಧ ಇಂಚು, ಅಂದರೆ ಚಿತ್ರದ ಒಂಬತ್ತರಲ್ಲೊಂದು ಪಾಲು, ಹಾಳೆಯ ಆಚೆಗೆ ಹೋಗುತ್ತದೆ. ಅಡ್ಡ ಫೋಟೊದಲ್ಲಿ ಮೇಲೊಂದು ಕಾಲು ಇಂಚು, ಕೆಳಗೊಂದು ಕಾಲು ಇಂಚು; ಉದ್ದ ಫೋಟೊದಲ್ಲಿ ಎಡಕ್ಕೊಂದು, ಬಲಕ್ಕೊಂದು. ಇಷ್ಟು ಗಣಿತದ ಮಾತು. ಆದರೆ ಹಾಳೆ ಪೂರ್ತಿ ತುಂಬಲೇಬೇಕು ಎಂದು ಗಣಿತ ಹೇಳುವುದಿಲ್ಲ. ಅದನ್ನು ಹೇಳುವುದು ಪ್ರಿಂಟ್ ಸಾಫ್ಟ್‌ವೇರಿನ ಒಂದು ಆಯ್ಕೆ. ‘ಫಿಲ್’ ಎಂದರೆ ಹಾಳೆ ತುಂಬು, ಮಿಕ್ಕಿದ್ದನ್ನು ಕತ್ತರಿಸು. ‘ಫಿಟ್’ ಎಂದರೆ ಚಿತ್ರವನ್ನು ಪೂರ್ತಿ ಕೂರಿಸು, ಹಾಳೆ ಮಿಕ್ಕರೆ ಬಿಳಿ ಬಿಡು. ‘ಫಿಟ್’ ಒತ್ತಿದರೆ ಅದೇ 4×6 ಹಾಳೆಯಲ್ಲಿ ಸೋದರಮಾವನೂ ಇರುತ್ತಾನೆ, ಪಾದಗಳೂ ಇರುತ್ತವೆ. ಎರಡು ತುದಿಯಲ್ಲಿ ಮೂರನೇ ಒಂದು ಇಂಚಿನಷ್ಟು ಬಿಳಿ ಪಟ್ಟಿ ಉಳಿಯುತ್ತದೆ, ಅಷ್ಟೇ. ಒಂದೊಂದನ್ನೂ ನೋಡುತ್ತ ಕೂರುವ ಪುರಸೊತ್ತಿಲ್ಲದ ಲ್ಯಾಬಿನಲ್ಲಿ ಯಂತ್ರ ‘ಫಿಲ್’ನಲ್ಲೇ ನಿಂತಿರುತ್ತದೆ. ಯಾರನ್ನು ಉಳಿಸಬೇಕು, ಯಾರನ್ನು ಬಿಡಬೇಕು ಎಂಬ ತೀರ್ಮಾನ ಹೀಗೆ ಯಾರೂ ತೀರ್ಮಾನಿಸದೆಯೇ ಆಗಿಹೋಗುತ್ತದೆ. ನನ್ನ ತಕರಾರು ಕತ್ತರಿಸುವುದರ ಮೇಲಲ್ಲ, ಕೇಳದೆ ಕತ್ತರಿಸುವುದರ ಮೇಲೆ.

ತಿಳಿದು ಕತ್ತರಿಸಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ರಾಮನಗರದ ಬಂಡೆಗಳಲ್ಲೇ ಇದೆ. ರಾಮದೇವರ ಬೆಟ್ಟದ ಅಡಿಯಲ್ಲಿ 1973ರಲ್ಲಿ ಚಿತ್ರೀಕರಣ ಶುರುವಾಗಿ 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯನ್ನು ನಾವೆಲ್ಲ 70 ಎಂಎಂ ಸಿನಿಮಾ ಎಂದೇ ಕರೆಯುತ್ತೇವೆ. ಅದನ್ನು ತೆಗೆದದ್ದು 35 ಎಂಎಂ ಫಿಲ್ಮಿನಲ್ಲಿ, 70 ಎಂಎಂಗೆ ಹಿಗ್ಗಿಸಿದ್ದು ಆಮೇಲೆ. 70 ಎಂಎಂ ತೆರೆಯ ಅನುಪಾತ 2.2:1. ನಮ್ಮ ಮೊಬೈಲಿನಂಥ 4:3ರ ಚೌಕಟ್ಟನ್ನು ಆ ಅಗಲಕ್ಕೆ ಇಳಿಸಬೇಕಾದರೆ ಎತ್ತರದಲ್ಲಿ ಶೇ 40ರ ಹತ್ತಿರ ಹೋಗುತ್ತದೆ. ನಮ್ಮ ಸ್ಟುಡಿಯೊಗಳ ಒಂಬತ್ತರಲ್ಲೊಂದು ಪಾಲು ಇದರ ಮುಂದೆ ಏನೂ ಅಲ್ಲ. ಆದರೂ ಆ ಸಿನಿಮಾದಲ್ಲಿ ತಲೆ ಹೋಯಿತು, ಕಾಲು ಹೋಯಿತು ಎಂದು ಯಾರೂ ದೂರಿದ್ದಿಲ್ಲ. ಮೇಲೂ ಕೆಳಗೂ ಹೋಗುವ ಜಾಗ ಯಾವುದೆಂದು ನಿರ್ದೇಶಕ ರಮೇಶ್ ಸಿಪ್ಪಿ, ಛಾಯಾಗ್ರಾಹಕ ದ್ವಾರಕಾ ದಿವೇಚಾ ಇಬ್ಬರಿಗೂ ಮೊದಲೇ ಗೊತ್ತಿತ್ತು. ಬಂಡೆಯ ಮೇಲೆ ನಿಂತ ಗಬ್ಬರ್ ಸಿಂಗನ ನೆತ್ತಿಯ ಮೇಲೆ ಎಷ್ಟು ಆಕಾಶ ಬಿಡಬೇಕೆಂಬುದು ಕ್ಯಾಮೆರಾ ಓಡುವ ಮುಂಚೆಯೇ ತೀರ್ಮಾನವಾಗಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಈ ಚಿತ್ರವನ್ನು ಪುನರುಜ್ಜೀವನಗೊಳಿಸಿ 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ತೋರಿಸಿದಾಗಲೂ ಹಳೆಯ 2.2:1ರ ಅನುಪಾತವನ್ನೇ ಉಳಿಸಿಕೊಂಡಿತು. ಚೌಕಟ್ಟು ಯಾವುದೆಂಬುದು ಕೃತಿಯ ಭಾಗ ಎಂದು ಒಪ್ಪಿಕೊಂಡವರು ಮಾಡುವ ಕೆಲಸ ಅದು.

ನಾವು ಫೋಟೊ ತೆಗೆಯುವಾಗ ಪ್ರಿಂಟಿನ ನೆನಪೇ ಇರುವುದಿಲ್ಲ. ಇನ್ನೂ ಕೆಟ್ಟದೆಂದರೆ, ಮೊಬೈಲಿನ ಪರದೆ ತುಂಬ ಕಾಣಲಿ ಎಂದು ‘ಫುಲ್’ ಎಂಬ ಆಯ್ಕೆ ಒತ್ತಿಟ್ಟಿರುತ್ತೇವೆ. ಬಹುತೇಕ ಫೋನುಗಳಲ್ಲಿ ಸೆನ್ಸರಿನ ಪೂರ್ತಿ ಚಿತ್ರ ಸಿಗುವುದು 4:3ರಲ್ಲೇ. 16:9 ಅಥವಾ ‘ಫುಲ್’ ಎಂದರೆ ಫೋನೇ ಮೊದಲ ಕತ್ತರಿ ಆಡಿಸಿದೆ ಎಂದರ್ಥ. ಹಾಗೆ ತೆಗೆದದ್ದನ್ನು 4×6ಕ್ಕೆ ತುಂಬಿಸಹೋದರೆ 16:9ರದ್ದು ಶೇ 15ಕ್ಕೂ ಹೆಚ್ಚು ಹೋಗುತ್ತದೆ, 20:9ರದ್ದಾದರೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಚನ್ನಪಟ್ಟಣ ತಾಲ್ಲೂಕಿನ ಗೌಡಗೆರೆಗೆ ಹೋದವರು ಚಾಮುಂಡೇಶ್ವರಿಯ ಎತ್ತರದ ಪಂಚಲೋಹದ ವಿಗ್ರಹದ ಮುಂದೆ ಮಗುವನ್ನು ನಿಲ್ಲಿಸಿ, ಫೋನನ್ನು ನೆಟ್ಟಗೆ ಹಿಡಿದು ತೆಗೆಯುತ್ತಾರಲ್ಲ, ಆ ಫೋಟೊ ಯೋಚಿಸಿ. ಚಿತ್ರದ ಮೇಲಿನ ಅಂಚಿನಲ್ಲಿ ದೇವಿಯ ಕಿರೀಟ, ಕೆಳಗಿನ ಅಂಚಿನಲ್ಲಿ ಮಗು. ಹೋಗುವುದು ಆ ಎರಡೇ. ಉಳಿಯುವುದು ನಡುವಿನ ಸೀರೆ.

ಮದುವೆಯ ಫೋಟೊಗಳ ಕಥೆಯೇ ಬೇರೆ. ಅಲ್ಲಿನ ಕ್ಯಾಮೆರಾ ದೊಡ್ಡದು, ಚಿತ್ರ 3:2. ಇದು 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾದ 24×36 ಮಿಲಿಮೀಟರ್ ಫಿಲ್ಮ್ ಚೌಕಟ್ಟಿನಿಂದ ಬಂದ ಅಳತೆ. 4×6, 8×12, 12×18 ಮೂರೂ ಇದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತವೆ. ಆದರೆ ಮನೆಯವರು ಕೇಳುವುದು ‘ಎಂಟು-ಹತ್ತು’, ಇಲ್ಲವೇ 12×15, ಏಕೆಂದರೆ ಅಂಗಡಿಯಲ್ಲಿ ಸಿದ್ಧ ಫ್ರೇಮು ಇರುವುದು ಆ ಸೈಜಿಗೆ. 8×12ರ ಚಿತ್ರವನ್ನು 8×10ಕ್ಕೆ ಕತ್ತರಿಸಿದರೆ ಆರರಲ್ಲೊಂದು ಪಾಲು ನಷ್ಟ. ವೇದಿಕೆಯ ಮೇಲೆ ಈ ತುದಿಯಿಂದ ಆ ತುದಿಗೆ ಹನ್ನೆರಡು ಮಂದಿ ಒತ್ತಾಗಿ ನಿಂತಿದ್ದರೆ ಎಡಗಡೆ ಒಬ್ಬರು, ಬಲಗಡೆ ಒಬ್ಬರು ಹೋದಂತೆ. ತುದಿಯಲ್ಲಿ ನಿಲ್ಲುವವರು ಯಾರು? ಊಟ ಬಡಿಸಿ ಓಡಿಬಂದ ಪಕ್ಕದ ಮನೆಯವರು, ಸಂಕೋಚದ ದೊಡ್ಡಮ್ಮ. ಗಂಡು-ಹೆಣ್ಣು ನಡುವೆ ಇರುತ್ತಾರೆ, ಅವರಿಗೆ ಏನೂ ಆಗುವುದಿಲ್ಲ. ಹಾಗಾಗಿ ದೂರು ಬರುವುದೂ ಇಲ್ಲ. ಇನ್ನು 12×36ರ ಆಲ್ಬಮ್ ಹಾಳೆ. ಅದು 3:1, ಎರಡು 12×18 ಪುಟ ಸೇರಿ ಒಂದು. ಮೊದಲೇ ಮಾಡಿಟ್ಟ ಡಿಸೈನಿನ ಗುಂಡು, ಚೌಕ, ಹೃದಯದಾಕಾರದ ಕಿಂಡಿಗಳಿಗೆ ಫೋಟೊ ತುರುಕುವ ಪದ್ಧತಿ ಅಳತೆ ತೆಗೆದುಕೊಳ್ಳದೆ ಬ್ಲೌಸ್ ಹೊಲಿದಂತೆ. ರೇಷ್ಮೆಗೂಡಿನ ಊರಾದ ರಾಮನಗರದಲ್ಲಿ ರೇಷ್ಮೆ ಸೀರೆಯ ಅಂಚೇ ಕಾಣದ ಮದುವೆ ಆಲ್ಬಮ್ ಬರುತ್ತದೆಂದರೆ ಏನು ಹೇಳುವುದು!

ಕತ್ತರಿಸದಿರಲು ಸ್ಟುಡಿಯೊಗಳು ಕಂಡುಕೊಂಡ ಉಪಾಯಗಳೂ ಇವೆ. ಅವುಗಳಲ್ಲಿ ಅತಿ ಕೆಟ್ಟದ್ದು ಎಳೆದು ಕೂರಿಸುವುದು. ಫೋಟೊಶಾಪಿನಲ್ಲಿ ಒಂದು ಮಗ್ಗುಲು ಹಿಡಿದು ಜಗ್ಗಿದರೆ 4:3ರ ಚಿತ್ರ 3:2ರ ಹಾಳೆಯನ್ನು ತುಂಬುತ್ತದೆ, ನಿಜ. ಆದರೆ ಅಡ್ಡ ಫೋಟೊದಲ್ಲಿ ಎಲ್ಲರೂ ಶೇ 12ರಷ್ಟು ದಪ್ಪಗಾಗುತ್ತಾರೆ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳನ್ನು ತೆಗೆದ ಫೋಟೊವನ್ನು ಹೀಗೆ ಜಗ್ಗಿ ನೋಡಿ, ಕಡೆಯುವ ಯಂತ್ರದಲ್ಲಿ ತಿರುಗಿ ದುಂಡಗಾದ ತಲೆ ಮೊಟ್ಟೆಯಾಗುತ್ತದೆ, ಮೋಸ ಕೂಡಲೇ ಕಣ್ಣಿಗೆ ಬೀಳುತ್ತದೆ. ಮನುಷ್ಯರ ಮುಖದಲ್ಲಿ ಅಷ್ಟು ಬೇಗ ಗೊತ್ತಾಗುವುದಿಲ್ಲ, ಏನೋ ಸರಿಯಿಲ್ಲ ಎಂದಷ್ಟೇ ಅನಿಸುತ್ತದೆ. ಕತ್ತರಿಸಿದ ಫೋಟೊ ಅಪೂರ್ಣ, ಜಗ್ಗಿದ ಫೋಟೊ ಸುಳ್ಳು. ಎರಡನೆಯ ಉಪಾಯ, ಅದೇ ಚಿತ್ರವನ್ನು ದೊಡ್ಡದು ಮಾಡಿ, ಮಸುಕುಗೊಳಿಸಿ ಹಿಂದೆ ಹಾಸುವುದು. ಟಿವಿಯಲ್ಲಿ ಮೊಬೈಲ್ ವಿಡಿಯೊ ತೋರಿಸುವ ಬಗೆ ಇದು. ಯಾರಿಗೂ ಅನ್ಯಾಯವಿಲ್ಲ, ಆದರೆ ಕಣ್ಣಿಗೆ ನೆಮ್ಮದಿಯೂ ಇಲ್ಲ. ಈಚೆಗೆ ಎಐ ಬಂದಿದೆ. ಇಲ್ಲದ ಅಂಚನ್ನು ಅದೇ ಬರೆದುಕೊಡುತ್ತದೆ. ಸ್ಟುಡಿಯೊದ ನೀಲಿ ಪರದೆಯನ್ನು ಇನ್ನಷ್ಟು ಅಗಲ ಮಾಡಿಕೊಟ್ಟರೆ ನನ್ನ ಅಭ್ಯಂತರವಿಲ್ಲ. ಸಾವನದುರ್ಗದ ಬಂಡೆಗೆ ಇಲ್ಲದ ಮಗ್ಗುಲು ಸೇರಿಸಿದರೆ, ಮಾಗಡಿಯ ಕೋಟೆಗೆ ಕೆಂಪೇಗೌಡ ಕಟ್ಟಿಸದ ಬುರುಜು ಎಬ್ಬಿಸಿದರೆ ಅದನ್ನು ಫೋಟೊ ಎಂದು ಕರೆಯಲಾಗದು.

ಎಲ್ಲಕ್ಕಿಂತ ಒಳ್ಳೆಯ ಉಪಾಯವೇ ಎಲ್ಲಕ್ಕಿಂತ ಹೆಚ್ಚು ತಿರಸ್ಕಾರಕ್ಕೆ ಒಳಗಾಗಿರುವುದು: ಬಿಳಿ ಅಂಚು. ‘ಪೂರ್ತಿ ಕಾಗದಕ್ಕೆ ಕಾಸು ಕೊಟ್ಟಿಲ್ವಾ, ಖಾಲಿ ಯಾಕೆ ಬಿಟ್ಟೆ?’ ಎಂದು ಗಿರಾಕಿಗಳೇ ಜಗಳಕ್ಕೆ ನಿಲ್ಲುತ್ತಾರೆ. ಇಲ್ಲಿ ತಪ್ಪು ಸ್ಟುಡಿಯೊದವರದಲ್ಲ, ನಮ್ಮದು. ಅಜ್ಜ-ಅಜ್ಜಿಯರ ಕಾಲದ ಕಪ್ಪು-ಬಿಳುಪು ಫೋಟೊಗಳನ್ನು ಟ್ರಂಕಿನಿಂದ ತೆಗೆದು ನೋಡಿದರೆ ಹೆಚ್ಚಿನವಕ್ಕೆ ಸುತ್ತಲೂ ಬಿಳಿ ಅಂಚಿರುತ್ತದೆ. ಅದು ಬರೀ ಅಲಂಕಾರವಲ್ಲ. ಬೆರಳು ತಾಗುವುದು ಅಂಚಿಗೆ, ಗೆದ್ದಲು-ತೇವ ಮೊದಲು ಮುಟ್ಟುವುದು ಅಂಚನ್ನು. ಕಟ್ಟು ಹಾಕಿಸುವಾಗ ಮರದ ಪಟ್ಟಿಯ ತುಟಿ ನಾಲ್ಕೂ ಕಡೆ ಕಾಲು ಇಂಚಿನ ಆಸುಪಾಸು ನುಂಗುತ್ತದೆ, ಅದಕ್ಕೂ ಬಲಿಯಾಗುವುದು ಅಂಚೇ. ಅಂಚಿಲ್ಲದ ಪ್ರಿಂಟಿಗೆ ಲ್ಯಾಬ್ ಒಮ್ಮೆ ಕತ್ತರಿ ಹಾಕಿರುತ್ತದೆ, ಫ್ರೇಮಿನ ಅಂಗಡಿ ಇನ್ನೊಮ್ಮೆ ಹಾಕುತ್ತದೆ.

ಒಂದು ಗೊಂದಲವನ್ನಂತೂ ಬಿಡಿಸಲೇಬೇಕು. ‘ಸೈಜ್ ಕಡಿಮೆ ಮಾಡಿಕೊಡಿ’ ಎಂದರೆ ಸೈಬರ್ ಸೆಂಟರಿನಲ್ಲಿ ಕೆಬಿ ಇಳಿಸುತ್ತಾರೆ. ಆನ್‌ಲೈನ್ ಅರ್ಜಿಗೆ ಅದು ಸರಿ. ಪ್ರಿಂಟಿಗೂ ಅದೇ ಫೈಲ್ ಕೊಟ್ಟರೆ ಚಿತ್ರ ಕೆಡುತ್ತದೆ, ಅನುಪಾತ ಮಾತ್ರ ಇದ್ದಂತೆಯೇ ಇರುತ್ತದೆ. ಕತ್ತರಿಯಿಂದ ತಪ್ಪಿಸಿಕೊಳ್ಳುವುದಕ್ಕೂ ಕೆಬಿ, ಪಿಕ್ಸೆಲ್‌ಗಳಿಗೂ ಸಂಬಂಧವೇ ಇಲ್ಲ. ಪಿಕ್ಸೆಲ್ ಬೇಕಾಗುವುದು ಸ್ಪಷ್ಟತೆಗೆ. ಇಂಚಿಗೆ 300ರ ಲೆಕ್ಕದಲ್ಲಿ 4×6ಕ್ಕೆ 1200×1800 ಸಾಕು, 12×18ಕ್ಕೆ 3600×5400 ಬೇಕು. ವಾಟ್ಸ್‌ಆ್ಯಪ್ ಮಾಮೂಲಿಯಾಗಿ ಕಳಿಸುವ ಫೋಟೊದ ಪಿಕ್ಸೆಲ್ ಬಹಳ ಇಳಿಯುತ್ತದೆ. 4×6ಕ್ಕೆ ಹೇಗೋ ಸಾಗುತ್ತದೆ, ಗೋಡೆಗೆ ಹಾಕುವ ದೊಡ್ಡ ಪ್ರಿಂಟಿಗೆ ಸಾಗುವುದಿಲ್ಲ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಮೂಲ ಫೋಟೊ ಹಾಗೇ ತಲುಪುತ್ತದೆ.

ಸ್ಟುಡಿಯೊದವರಲ್ಲಿ ಕೋರಿಕೆ ಇಷ್ಟೇ. ಪಾಸ್‌ಪೋರ್ಟ್ ಫೋಟೊಗೆ ಕೊಡುವ ಅರ್ಧ ನಿಮಿಷವನ್ನು ಗುಂಪು ಫೋಟೊಗೂ ಕೊಡಿ, ಪ್ರಿಂಟ್ ಒತ್ತುವ ಮುಂಚೆ ಪರದೆಯನ್ನು ಗಿರಾಕಿಯ ಕಡೆ ತಿರುಗಿಸಿ. ಗಿರಾಕಿಗಳು ಫೋನನ್ನು 4:3ರಲ್ಲಿ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು ತೆಗೆಯಲಿ. ಅಂಗಡಿಯಲ್ಲಿ 6×8 ಹಾಳೆ ಇದೆಯೇ ಎಂದು ಕೇಳಲಿ, ಅದು ಸರಿಯಾಗಿ 4:3. 4×6ರಲ್ಲೇ ಬೇಕೆಂದರೆ ‘ಕಟ್ ಮಾಡಬೇಡಿ, ಬಿಳಿ ಬಿಟ್ಟು ಹಾಕಿ’ ಎಂದು ಬಾಯಿಬಿಟ್ಟು ಹೇಳಲಿ, ಸಾಧ್ಯವಾದರೆ ಕವರಿನ ಮೇಲೆ ಬರೆಸಲಿ.