ಸೆರೆಮನೆಗೆ ಹೋಗಿ ಬಂದ ರಾಗಿ

ಮಕ್ಕಳಿಗೆ ಒಳ್ಳೇ ಊಟದ ರುಚಿ ಹತ್ತಿಸೋಕೆ ಅಂತ ಬರೋ ಕಥೆಪುಸ್ತಕಗಳನ್ನ ಓದಿಸೋಕೆ ಕೂತಾಗೆಲ್ಲ ನನಗೆ ಟಾನಿಕ್ ಬಾಟಲಿ ನೆನಪಾಗುತ್ತೆ. ಕ್ಯಾರೆಟ್‌ಗೆ ಸೂಪರ್‌ಹೀರೋ ಬಟ್ಟೆ, ಪಾಲಕ್ ಸೊಪ್ಪಿಗೆ ಉಬ್ಬಿದ ತೋಳು. ಹಟ ಮಾಡ್ತಿದ್ದ ಹುಡುಗ ಕೊನೇ ಪುಟಕ್ಕೆ ತಟ್ಟೆ ಖಾಲಿ ಮಾಡಿ ಓಟದಲ್ಲಿ ಗೆಲ್ತಾನೆ. ವೇಷ ಹಾಕ್ಕೊಂಡು ಬಂದಿರೋದು ಅಮ್ಮನೇ ಅಂತ ಮೂರು ವರ್ಷದ ಮಗುವಿಗೂ ಗೊತ್ತಾಗುತ್ತೆ.

ಎರಿಕ್ ಕಾರ್ಲ್ ಅವರ 1969ರ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' ಈ ತಪ್ಪು ಮಾಡಲ್ಲ. ಆ ಕಂಬಳಿಹುಳ ಶನಿವಾರ ಕೇಕು, ಐಸ್‌ಕ್ರೀಮು, ಸಾಸೇಜು ಅಂತ ಸಿಕ್ಕಿದ್ದೆಲ್ಲ ತಿಂದು ಹೊಟ್ಟೆನೋವು ತರಿಸ್ಕೊಳ್ಳುತ್ತೆ, ಮಾರನೇ ದಿನ ಒಂದು ಹಸಿರೆಲೆ ತಿಂದು ಸುಧಾರಿಸ್ಕೊಳ್ಳುತ್ತೆ. ಬುದ್ಧಿ ಹೇಳೋರು ಯಾರೂ ಇಲ್ಲ. ಆದ್ರೆ ಅದರಲ್ಲಿರೋ ತಿಂಡಿ ನಮ್ಮ ಮಕ್ಕಳ ತಟ್ಟೆಯದ್ದಲ್ಲ.

ನಮ್ಮ ತಟ್ಟೆಯ ಕಥೆಯನ್ನ ಹದಿನಾರನೇ ಶತಮಾನದಲ್ಲೇ ಕನಕದಾಸರು ಬರೆದಿಟ್ಟಿದ್ದಾರೆ, 'ರಾಮಧಾನ್ಯ ಚರಿತೆ'. ಲಂಕೆಯಿಂದ ವಾಪಸ್ ಬರೋವಾಗ ರಾಮ ಋಷಿಗಳ ಆಶ್ರಮದಲ್ಲಿ ಇಳ್ಕೋತಾನೆ. ಊಟ ಆದ್ಮೇಲೆ ಯಾವ ಧಾನ್ಯ ಹೆಚ್ಚು ಅನ್ನೋ ಮಾತು ಬರುತ್ತೆ. ಗೌತಮರು ನರೆದಲೆಗನನ್ನ, ಅಂದ್ರೆ ರಾಗಿಯನ್ನ, ಹೊಗಳ್ತಾರೆ. ವ್ರೀಹಿಗೆ, ಅಂದ್ರೆ ಭತ್ತಕ್ಕೆ, ಸಿಟ್ಟು ಬಂದು ಕೀಳು ಕುಲದವನು ಅಂತ ರಾಗಿಯನ್ನ ಹೀಯಾಳಿಸುತ್ತೆ. ರಾಗಿ ತಲೆತಗ್ಗಿಸಲ್ಲ. ನೀನು ಉಳ್ಳವರ ಪಕ್ಷ, ಬಡವರನ್ನ ಕಣ್ಣೆತ್ತಿ ನೋಡಲ್ಲ, ಸತ್ತವರ ಬಾಯಿಗೆ ಹಾಕೋದೂ ನಿನ್ನನ್ನೇ ಅಂತ ತಿರುಗಿಸಿ ಕೊಡುತ್ತೆ. (ನಮ್ಮ ಕಡೆ ಬಾಯಿಗಕ್ಕಿ ಅಂತೀವಲ್ಲ, ಅದೇ.) ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸ್ತಾನೆ. ನಮ್ಮ ಆಫೀಸಿನ ಭಾಷೆಯಲ್ಲಿ ಇದು ಲೋಡ್ ಟೆಸ್ಟ್. ಹೊರಗೆ ಬರೋವಾಗ ಭತ್ತ ಸೊರಗಿ ಹೋಗಿದೆ, ರಾಗಿ ಹೋದ ಹಾಗೇ ಇದೆ. ರಾಮ ತನ್ನ ರಾಘವ ಅನ್ನೋ ಹೆಸರನ್ನೇ ಅದಕ್ಕೆ ಕೊಡ್ತಾನೆ, ಭತ್ತವನ್ನೂ ಸಮಾಧಾನ ಮಾಡ್ತಾನೆ.

ಕಾವ್ಯದಲ್ಲಿ ನಡೆದ ಪರೀಕ್ಷೆ ಸುಳ್ಳಲ್ಲ. ಮಂಡ್ಯ ಕಡೆ ಹಳೇ ಊರುಗಳಲ್ಲಿ ನೆಲದೊಳಗೆ ಹಗೇವು ತೆಗೆದು ರಾಗಿ ತುಂಬಿಡ್ತಿದ್ರು, ವರ್ಷಗಟ್ಟಲೆ ಹುಳ ಬೀಳ್ತಿರಲಿಲ್ಲ. ಸೆರೆಮನೆ ಅಂದಾಗ ಮಗುವಿಗೆ ಹಗೇವಿನ ಚಿತ್ರ ತೋರಿಸಿದ್ರೆ ಸಾಕು.

ನನ್ನ ತಕರಾರು ಇರೋದು ನಾವು ಈ ಕಥೆ ಹೇಳೋ ರೀತಿ ಬಗ್ಗೆ. ಬೈಗುಳ, ಕುಲದ ಮಾತು ಎಲ್ಲ ಮಕ್ಕಳಿಗೆ ಬೇಡ ಅಂತ ಕತ್ತರಿಸಿ, ರಾಗಿ ಗೆದ್ದಿದ್ದು ಕ್ಯಾಲ್ಸಿಯಂನಿಂದ ಅಂತ ಮುಗಿಸ್ತೀವಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರೋದು ನಿಜ. ಆದ್ರೆ ಅದನ್ನ ಕೇಳಿ ಯಾವ ಮಗು ಬಾಯಿ ತೆಗೆದಿದೆ ಹೇಳಿ? ನನ್ನ ಅಕ್ಕನ ಮಗಳು ಬೆಂಗಳೂರಿನ ಒಂದು ಶಾಲೆಗೆ ರಾಗಿರೊಟ್ಟಿ ತಗೊಂಡು ಹೋಗಿ, ಡಬ್ಬಿ ತೆಗೀದೇ ವಾಪಸ್ ತಂದಿದ್ಲು. ರುಚಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಪಕ್ಕದವರು 'ಯಾಕೆ ಇಷ್ಟು ಕಪ್ಪು?' ಅಂತ ಕೇಳಿದ್ರಂತೆ. ಆ ಮಗುವಿಗೆ ಬೇಕಿದ್ದಿದ್ದು ಎದುರುತ್ತರ ಕೊಡೋ ರಾಗಿ. ಕನಕದಾಸರು ಬರೆದಿದ್ದೂ ಅದನ್ನೇ, ನಾವು ಕತ್ತರಿಸ್ತಿರೋದೂ ಅದನ್ನೇ.

ಈ ನಾಚಿಕೆ ಬೆಂಗಳೂರಲ್ಲಿ ಹುಟ್ಟಿದ್ದೂ ಅಲ್ಲ. ಕನ್ನಂಬಾಡಿಯ ನಾಲೆ ನೀರು 1930ರ ದಶಕದಲ್ಲಿ ಮಂಡ್ಯ, ಮದ್ದೂರಿನ ಬಯಲಿಗೆ ಹರಿದ ಮೇಲೆ ಭತ್ತ, ಕಬ್ಬು ಬಂತು. ಮಳವಳ್ಳಿಯ ಹಲಗೂರು ಕಡೆ ಮಳೆ ನಂಬಿದವರು ರಾಗಿಯಲ್ಲೇ ಉಳಿದ್ರು. ಅನ್ನ ಹಬ್ಬಕ್ಕೆ, ನೆಂಟರಿಗೆ, ಹಿಟ್ಟು ಮನೆಯವರಿಗೆ. ಬಂದವರಿಗೆ ಬರೀ ಹಿಟ್ಟು ಬಡಿಸೋಕೆ ಅಜ್ಜಿಯಂದಿರು ಮುಜುಗರ ಪಡ್ತಿದ್ರು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನೋ ಗಾದೆ ಆ ಮುಜುಗರಕ್ಕೆ ಹೇಳ್ಕೊಂಡ ಧೈರ್ಯ ಅನ್ಸುತ್ತೆ ನನಗೆ.

ಮೂಲ ಕಾವ್ಯವನ್ನ ಹಾಗೇ ಓದಿ ಹೇಳಿ ಅಂತಲ್ಲ. ಷಟ್ಪದಿಯ ಹಳೇ ಕನ್ನಡ ಐದು ವರ್ಷದವರಿಗೆ ದಕ್ಕಲ್ಲ, ಋಷಿಗಳ ಸ್ತುತಿ ಬರೋ ಕಡೆ ಮಗು ನಿದ್ದೆ ಹೋಗುತ್ತೆ. ಅದನ್ನೆಲ್ಲ ಬಿಡಿ, ಜಗಳ ಮಾತ್ರ ಬಿಡಬೇಡಿ. ಒಬ್ಬರು ಭತ್ತ, ಒಬ್ಬರು ರಾಗಿ ಆಗಿ ಬೈದಾಡಿ. ರಾಗಿ ಪಾತ್ರ ಮಗುವಿಗೇ ಇರಲಿ. ಆಮೇಲೆ ಪೂರ್ತಿ ಮುದ್ದೆ ಬೇಡ, ಗೋಲಿಯಷ್ಟು ಮುರಿದು ಉಪ್ಸಾರಿನಲ್ಲಿ ಹೊರಳಿಸಿ ಕೊಡಿ. ಅಗಿಯದೇ ನುಂಗೋದು ಒಂದು ವಿದ್ಯೆ, ಅದು ಪುಸ್ತಕದಿಂದ ಬರಲ್ಲ, ಪಕ್ಕದಲ್ಲಿ ಕೂತು ಉಣ್ಣೋ ದೊಡ್ಡವರಿಂದ ಬರುತ್ತೆ. ಅಪ್ಪ ಮೊಬೈಲ್ ನೋಡ್ತಾ ಪಿಜ್ಜಾ ತಿಂತಿದ್ರೆ ಕನಕದಾಸರೂ ಏನೂ ಮಾಡೋಕಾಗಲ್ಲ.

ಮಕ್ಕಳ ಪುಸ್ತಕಕ್ಕೆ ಮಂಡ್ಯದಲ್ಲೇ ಇನ್ನೊಂದು ರಾಗಿ ಕಥೆ ಇದೆ. ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ 'ರಾಗಿ ಲಕ್ಷ್ಮಣಯ್ಯ' ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಸಂಬಂಧ ಬೆಳೆಸಿ ಹೊಸ ತಳಿಗಳನ್ನ ಕೊಟ್ರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ 'ಇಂಡಾಫ್' ಅಂತ ಹೆಸರು. ರಾಗಿ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನಲ್ಲೇ ಪರಾಗ ಮುಗಿಸ್ಕೊಳ್ಳುತ್ತೆ, ಅದರಲ್ಲಿ ಕೂಡಿಸೋ ಕೆಲಸ ಅಂದ್ರೆ ಸಾಹಸವೇ. ಇನ್ನೂ ಹಿಂದಕ್ಕೆ ಹೋದ್ರೆ ನಮ್ಮದೇ ಅನ್ಕೊಂಡಿರೋ ರಾಗಿಯ ತವರು ಪೂರ್ವ ಆಫ್ರಿಕಾ, ಸಾವಿರಾರು ವರ್ಷದ ಹಿಂದೆ ಸಮುದ್ರ ದಾಟಿ ಬಂದಿದ್ದು. ಇದನ್ನ ಅಕ್ಕನ ಮಗಳಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: 'ಅಲ್ಲಿನೋರೂ ಅಗೀದೇ ನುಂಗ್ತಾರಾ ಮಾವ?'