ಮೊದಲು ಹಾಸಿಗೆ ತೋರಿಸಿ

ಹೊಸದಾಗಿ ಬಂದ ಚಿಂಪಾಂಜಿಯನ್ನು ಹಳೆಯ ಗುಂಪಿಗೆ ಸೇರಿಸುವುದು ಹೇಗೆ ಎಂದು ಈ ವಾರ ಬರೆಯುವುದಾಗಿ ಮಾತು ಕೊಟ್ಟಿದ್ದೆ. ಅದು ಇನ್ನೊಮ್ಮೆ ಇರಲಿ, ಅಷ್ಟರಲ್ಲಿ ನಾಲ್ಕಾರು ಓದುಗರು ಮತ್ತೆ ಅದೇ ವಿಡಿಯೊ ಕಳಿಸಿದ್ದಾರೆ. ವುಂಡಾ ಎಂಬ ಹೆಣ್ಣು ಚಿಂಪಾಂಜಿ ಪೆಟ್ಟಿಗೆಯಿಂದ ಹೊರಬಂದು, ಕಾಡಿನತ್ತ ನಡೆಯುವ ಮೊದಲು ಜೇನ್ ಗುಡಾಲ್ ಅವರನ್ನು ತಬ್ಬಿಕೊಳ್ಳುತ್ತದಲ್ಲ, ಅದು. 2013ರದು, ಕಾಂಗೊ ಗಣರಾಜ್ಯದ ಚಿಂಪೂಂಗಾ ಆಶ್ರಯಧಾಮದ್ದು. ನೋಡಿ ನನ್ನ ಕಣ್ಣೂ ಒದ್ದೆಯಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಸಾಯುವಂತಿದ್ದ ವುಂಡಾಗೆ ಇನ್ನೊಂದು ಚಿಂಪಾಂಜಿಯ ರಕ್ತ ಕೊಟ್ಟು ಉಳಿಸಿಕೊಂಡ ಪಶುವೈದ್ಯೆ ರೆಬೆಕಾ ಅಟೆನ್ಸಿಯಾ ಮತ್ತು ಅವರ ಬಳಗದ ಮಾತನ್ನು ವಿಡಿಯೊ ಕಳಿಸಿದವರಲ್ಲಿ ಒಬ್ಬರೂ ಎತ್ತಿಲ್ಲ. ಅಪ್ಪುಗೆ ಪಂಥದವರೊಡನೆ ನನ್ನ ಹಳೆಯ ಜಗಳ ಇದೇ. ಮರಿಗೆ ಚಡ್ಡಿ ತೊಡಿಸಿ ಕುಣಿಸುವವರ ಸುದ್ದಿಯಂತೂ ಬೇಡ. ಒಂದು ಮರಿ ಪೇಟೆಗೆ ಬಂತೆಂದರೆ ಕಾಡಿನಲ್ಲಿ ತಾಯಿಯನ್ನು ಕೊಂದಿದ್ದಾರೆಂದೇ ಅರ್ಥ ಎನ್ನುವುದು ಈ ಅಂಕಣ ಓದುವವರಿಗೆ ಹೊಸದಲ್ಲ.

ಆಶ್ರಯಧಾಮವೊಂದರ ಯೋಗ್ಯತೆಯನ್ನು ಅಪ್ಪುಗೆಯಿಂದ ಅಳೆಯಲಾಗದು. ಅದಕ್ಕೆ ನಾನು ಕೇಳುವುದು ಒಂದೇ: ಸಂಜೆಯಾದ ಮೇಲೆ ಅಲ್ಲಿನ ಚಿಂಪಾಂಜಿಗಳು ಎಲ್ಲಿ, ಯಾವುದರ ಮೇಲೆ ಮಲಗುತ್ತವೆ?

ಈ ವಿಷಯದಲ್ಲಿ ನನಗೆ ಪ್ರಮಾಣಗ್ರಂಥ ಗುಡಾಲ್ ಅವರ 1971ರ ‘ಇನ್ ದ ಶ್ಯಾಡೊ ಆಫ್ ಮ್ಯಾನ್’. ಗೊಂಬೆ ಎಂಬಲ್ಲಿನ ಕಾಡಿನಲ್ಲಿ ಚಿಂಪಾಂಜಿ ಗೂಡು ಕಟ್ಟುವುದನ್ನು ಅವರು ಹೇಳುವ ಭಾಗವನ್ನು ಎಷ್ಟು ಸಲ ಓದಿದರೂ ನನಗೆ ತಣಿವಿಲ್ಲ. ಗಟ್ಟಿಯಾದ ಕವಲು ಹುಡುಕಬೇಕು. ಸುತ್ತಲಿನ ರೆಂಬೆಗಳನ್ನು ಒಂದೊಂದಾಗಿ ಒಳಕ್ಕೆ ಬಾಗಿಸಿ, ಪುಟಿದೇಳದಂತೆ ಕಾಲಲ್ಲಿ ಅದುಮಿ ಹಿಡಿಯಬೇಕು. ಅಂಚಿನ ಎಲೆಗಳನ್ನೂ ಒಳಕ್ಕೆ ಮಡಚಬೇಕು. ಇಷ್ಟಾಗಿ ಮಲಗಿದ ಪ್ರಾಣಿ ತಟಕ್ಕನೆ ಎದ್ದು ಕೂತು, ಒಂದು ಹಿಡಿ ಸೊಪ್ಪು ಕಿತ್ತು ತಲೆಯಡಿ ಇಟ್ಟುಕೊಂಡು ಮತ್ತೆ ಮಲಗುತ್ತದೆ. ದಿಂಬು! ಮರುದಿನ ಸಂಜೆ ಎಲ್ಲ ಮೊದಲಿನಿಂದ.

ಸಿಕ್ಕಸಿಕ್ಕ ಮರವೂ ಆಗುವುದಿಲ್ಲ. ಉಗಾಂಡಾದ ಟೋರೊ-ಸೆಮ್ಲಿಕಿಯಲ್ಲಿ 1,844 ಗೂಡುಗಳನ್ನು ಲೆಕ್ಕ ಹಾಕಿದವರಿಗೆ ಕಂಡದ್ದು, ನೂರಕ್ಕೆ 73ಕ್ಕೂ ಹೆಚ್ಚು ಗೂಡು ಒಂದೇ ಜಾತಿಯ ಮರದಲ್ಲಿ. ಆ ಕಾಡಿನಲ್ಲಿ ಆ ಮರ ನೂರಕ್ಕೆ ಹತ್ತೂ ಇಲ್ಲ. ಬಿರುಸಾದ ರೆಂಬೆ, ಒತ್ತೊತ್ತಾದ ಎಲೆ. ಆಯ್ಕೆ ಮಾಡುವವರಿಗೆ ಮಂಚದ ಮರ ಯಾವುದೆಂದು ಗೊತ್ತು.

ಇದು ಹುಟ್ಟಿನಿಂದ ಬರುವ ವಿದ್ಯೆಯಲ್ಲ. ಮರಿ ಸುಮಾರು ಐದು ವರ್ಷದವರೆಗೆ ತಾಯಿಯ ಗೂಡಿನಲ್ಲೇ ಮಲಗುತ್ತದೆ, ಹಗಲು ಆಟಕ್ಕೆಂದು ಸೊಟ್ಟ ಗೂಡು ಕಟ್ಟಿ ಕೈ ಪಳಗಿಸುತ್ತದೆ. ಆಶ್ರಯಧಾಮಕ್ಕೆ ಬರುವ ಅನಾಥ ಮರಿ ಕಳೆದುಕೊಂಡಿರುವುದು ತಾಯಿಯನ್ನಷ್ಟೇ ಅಲ್ಲ, ಈ ಪಾಠವನ್ನೂ. ಪ್ರಯೋಗಾಲಯದವುಗಳ ಪಾಡು ಇನ್ನೂ ಕಡೆ. ನ್ಯೂ ಮೆಕ್ಸಿಕೊದ ಕೂಲ್‌ಸ್ಟನ್ ಪ್ರಯೋಗಾಲಯದಿಂದ 2002ರಲ್ಲಿ ಆಶ್ರಯಧಾಮ ನಡೆಸುತ್ತಿದ್ದ ಕ್ಯಾರೊಲ್ ನೂನ್ ಕೈಗೆ ಬಂದದ್ದು 266 ಚಿಂಪಾಂಜಿಗಳು. ಕಬ್ಬಿಣದ ಪಂಜರದಲ್ಲಿ ವರ್ಷಗಟ್ಟಲೆ ಕಳೆದವಕ್ಕೆ ಬಾಗಿಸಲು ರೆಂಬೆ ಎಲ್ಲಿತ್ತು? ಅವನ್ನು ಫ್ಲಾರಿಡಾದ ದ್ವೀಪಗಳಿಗೆ ಸಾಗಿಸಿ ಮುಗಿದದ್ದು 2011ರಲ್ಲಿ. ಅದನ್ನು ನೋಡಲು ನೂನ್ ಇರಲಿಲ್ಲ, 2009ರಲ್ಲೇ ತೀರಿಕೊಂಡಿದ್ದರು.

ಅಪ್ಪುಗೆ ಪಂಥದ ಇನ್ನೊಂದು ತುದಿಯಲ್ಲಿ ಮಡಿವಂತರಿದ್ದಾರೆ. ಕಾಡುಪ್ರಾಣಿಗೆ ಕಂಬಳಿ ಯಾಕೆ, ಅಗ್ನಿಶಾಮಕ ದಳದ ಹಳೆಯ ಪೈಪು ಹೆಣೆದು ಮಾಡಿದ ಜೋಲಿ ಯಾಕೆ ಎಂದು ಮೂಗು ಮುರಿಯುವವರು. ಕಂಬಳಿಯನ್ನು ಸುತ್ತಲೂ ಒಟ್ಟಿ, ಅಂಚು ಒಳಕ್ಕೆ ಮಡಚಿ, ನಡುವೆ ಮುದುಡಿ ಮಲಗುವ ಮುದಿ ಚಿಂಪಾಂಜಿ ಮಾಡುತ್ತಿರುವುದು ಗೂಡನ್ನೇ. ಅವರಿಗೆ ಸಾಮಗ್ರಿ ಮಾತ್ರ ಕಾಣುತ್ತದೆ, ಕೈಕೆಲಸ ಕಾಣುವುದಿಲ್ಲ.

ಈ ಮಡಿವಂತರ ಇನ್ನೊಂದು ತಕರಾರು ವಿಕ್ಟೋರಿಯಾ ಸರೋವರದ ಎಂಗಾಂಬಾ ದ್ವೀಪದ ಆಶ್ರಯಧಾಮದ ಬಗ್ಗೆ. 1998ರಲ್ಲಿ ಶುರುವಾದದ್ದು, ಸುಮಾರು ನೂರು ಎಕರೆ, ಐವತ್ತರ ಆಸುಪಾಸಿನ ಚಿಂಪಾಂಜಿಗಳು. ಅಷ್ಟು ಚಿಕ್ಕ ಕಾಡು ಅಷ್ಟು ಹೊಟ್ಟೆ ತುಂಬಿಸದು, ಹೊರಗಿನಿಂದ ಉಣಿಸಲೇಬೇಕು. ಹಗಲೆಲ್ಲ ಕಾಡಿನಲ್ಲಿ ಅಲೆದು, ಸಂಜೆ ಸಿರಿಧಾನ್ಯದ ಗಂಜಿಯ ಹೊತ್ತಿಗೆ ತಾವಾಗಿ ಮನೆಗೆ ಬರುತ್ತವೆ. ಯಾರಿಗೆ ಗಾಯ, ಯಾರಿಗೆ ಕೆಮ್ಮು, ಯಾರು ಇವತ್ತು ಬಟ್ಟಲು ಮುಟ್ಟಲಿಲ್ಲ ಎಂದು ಪಾಲಕರು ಗಮನಿಸುವ ಹೊತ್ತು ಅದೇ. ಆಮೇಲೆ ಜೋಲಿ, ಒಣಹುಲ್ಲು, ನಿದ್ದೆ. ಮಂಡ್ಯದ ಮಿತ್ರರೊಬ್ಬರ ತಕರಾರು ಈ ಗಂಜಿಯದೇ: ಅದು ಮನುಷ್ಯರ ಊಟವಂತೆ, ಆಫ್ರಿಕಾದ ಕಾಡಿಗೆ ಹೊಂದದಂತೆ!

ಎಂಗಾಂಬಾ ಇರುವ ಉಗಾಂಡಾದಲ್ಲಿ ಸಿರಿಧಾನ್ಯವೆಂದರೆ ಹೆಚ್ಚಾಗಿ ರಾಗಿಯೇ. ಅದು ಮೊದಲು ಬೆಳೆಯಾದದ್ದು ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ನಮ್ಮ ಕಡೆ ಬಂತು. ಆಫ್ರಿಕಾಕ್ಕೆ ಯಾವುದು ಹೊಂದುತ್ತದೆಂದು ತೀರ್ಪು ಕೊಡುವ ಮಂಡ್ಯದ ಮಿತ್ರರು ನಾಳೆ ಮುದ್ದೆ ಮುರಿಯುವಾಗ ಇದನ್ನೊಮ್ಮೆ ಯೋಚಿಸಿ ಉತ್ತರ ಬರೆಯಲಿ, ಅಚ್ಚು ಹಾಕಿಸುತ್ತೇನೆ.